ಶಾಂತಿಯ ಫಲಕದಿಂದ ಆದ ಗಾಯದ ಬಗ್ಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಹಣೆಗೆ ಮೂರು ಹೊಲಿಗೆ ಬಿದ್ದ ನಮ್ಮ ಹುಡುಗಿ ಹೇಗಿದ್ದಾಳೆಂದು ನಿಮ್ಮ ಕಚೇರಿ ಈವರೆಗೆ ಕೇಳಿಲ್ಲ. ಹೊಡೆದ ಹುಡುಗಿ ಹೇಗಿದ್ದಾಳೆಂದೂ ಕೇಳಿಲ್ಲ. ಫಲಕ ಹೇಗಿದೆ ಎಂದು ಮಾತ್ರ ಮೂರು ಸಲ ಕೇಳಿದೆ.

ಮಕ್ಕಳ ಜಗಳ ಕೈಮೀರುತ್ತಿದೆ, ಆಪ್ತಸಮಾಲೋಚಕರೊಬ್ಬರನ್ನು ಕೊಡಿ ಎಂದು ಎರಡು ವರ್ಷ ಗೋಗರೆದೆ. ತಾವು ದೊಡ್ಡ ಮನಸ್ಸು ಮಾಡಿ ಕಳಿಸಿದ್ದು ತೇಗದ ಚೌಕಟ್ಟಿನ ಫಲಕ: ‘ಕೋಪವೇ ನಮ್ಮ ಶತ್ರು’. ಎಂಟನೇ ತರಗತಿಯವಳು ಅದನ್ನೇ ಗೋಡೆಯಿಂದ ಕಿತ್ತು ಗೆಳತಿಯ ಹಣೆಗೆ ಬೀಸಿದಳು. ರಟ್ಟಿನದನ್ನಾದರೂ ಕಳಿಸಬಾರದಿತ್ತೇ? ಈಗ ನಿಮ್ಮ ನಮೂನೆಯಲ್ಲಿ, ‘ಘಟನೆಗೆ ಮುನ್ನ ಆಪ್ತಸಮಾಲೋಚನೆ ನೀಡಲಾಗಿತ್ತೇ?’ ಎಂಬ ಪ್ರಶ್ನೆಯಿದೆ. ಯಾರಿಂದ ಸ್ವಾಮಿ? ಗಂಟೆ ಬಾರಿಸುವ ಜವಾನನಿಂದಲೇ?

ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳು ನಾನು. ಹೊಡೆದವಳನ್ನು ನನ್ನ ಕೋಣೆಯಲ್ಲಿ ಕೂರಿಸಿ, ಆದಷ್ಟು ಮೆತ್ತಗೆ, “ಯಾಕಮ್ಮಾ ಹೊಡೆದೆ?” ಎಂದೆ. ಅವಳು ಕುರ್ಚಿಯ ತುದಿಗೆ ಸರಿದಳು.

“ಹಿಂಗ್ ಮಾತಾಡ್ಬೇಡಿ ಮೇಡಂ, ಭಯ ಆಗುತ್ತೆ. ಮನೇಲಿ ಹೊಡೆಯೋಕ್ ಮುಂಚೆ ಹಿಂಗೇ ಮೆತ್ತಗೆ ಮಾತಾಡ್ತಾರೆ.”

ಮುಂದೇನು ಕೇಳಬೇಕೋ ತಿಳಿಯದೆ ಬಿಸ್ಕತ್ತಿನ ಪೊಟ್ಟಣ ಮುಂದೆ ತಳ್ಳಿದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅಂದೇ ನಿಮಗೆ ಎಲ್ಲವನ್ನೂ ಬರೆದೆ. ಉತ್ತರದಲ್ಲಿ ತಾವು ಫಲಕದ ಅಳತೆ ಕೇಳಿದಿರಿ.

ಆಮೇಲೆ ಬಂತು ಆದೇಶ: ಶುಕ್ರವಾರದೊಳಗೆ ಹೊಡೆದವಳಿಗೆ ಟಿ.ಸಿ. ಕೊಟ್ಟು ಕಳಿಸಿ. ಪೆಟ್ಟು ತಿಂದವಳ ತಾಯಿ ಜಗಳಕ್ಕೆಂದೇ ಬಂದಿದ್ದರು, ಸಮಾಧಾನವಾಗಲೆಂದು ಆದೇಶ ತೋರಿಸಿದೆ. ಅವರು ಇನ್ನಷ್ಟು ಕೆರಳಿದರು.

“ಅವಳನ್ನ ಓಡಿಸಿದ್ರೆ ನನ್ ಮಗಳ ಹೆದರಿಕೆ ಹೋಗುತ್ತಾ? ನಿದ್ದೇಲೂ ಬೆಚ್ಚಿಬೀಳ್ತಾಳೆ. ಕೂತು ಮಾತಾಡ್ಸೋರು ಯಾರಿದ್ದಾರೆ ಇಲ್ಲಿ?”

“ನಾನಿದ್ದೀನಲ್ಲಮ್ಮಾ.”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬೇರೆ ಯಾರಾದ್ರೂ?” ಎಂದರು.

ಅವರು ಕೇಳಿದ್ದನ್ನೇ ನಾನೂ ಕೇಳುತ್ತಿದ್ದೇನೆ. ಇಬ್ಬರನ್ನೂ ಮಾತಾಡಿಸಲು ಬಲ್ಲ, ಅದನ್ನೇ ಕಲಿತು ಬಂದ ಒಬ್ಬರನ್ನು ಕಳಿಸಿಕೊಡಿ. ದಯವಿಟ್ಟು ಗೋಡೆಗೆ ನೇತುಹಾಕುವಂಥದ್ದು ಬೇಡ. ಟಿ.ಸಿ.ಗೆ ನಾನು ಸಹಿ ಹಾಕುವುದಿಲ್ಲ. ಶಾಲೆಯಿಂದ ಹೊರಹಾಕಿದರೆ ಆ ಮಗು ದಿನವಿಡೀ ಇರಬೇಕಾದದ್ದು ಆ ಮನೆಯಲ್ಲೇ. ಬೇಕಾದರೆ ನನ್ನ ಮೇಲೆ ಶಿಸ್ತುಕ್ರಮ ಜರುಗಿಸಿ, ಅದಕ್ಕಾದರೂ ನಿಮ್ಮಲ್ಲಿ ಸಿಬ್ಬಂದಿ ಇರಬಹುದು. ಶುಕ್ರವಾರ ಅವಳು ತರಗತಿಯಲ್ಲಿರುತ್ತಾಳೆ. ಬರದಿದ್ದರೆ ನಾನೇ ಹೋಗಿ ಕರೆತರುತ್ತೇನೆ.

ಇಂತಿ,
ಶುಕ್ರವಾರದವರೆಗಂತೂ ಮುಖ್ಯೋಪಾಧ್ಯಾಯಿನಿ