ತಾನೇ ಇಳಿಯುವ ಮುಳ್ಳು

ಮೇ 6, ಮಧ್ಯಾಹ್ನ

ಲಾರಸ್ ಈಗಷ್ಟೇ ಮಲಗಿದಳು. ನನಗೆ ನಿದ್ದೆ ಇಲ್ಲ. ಬಂದರೂ ಬೇಡ — ಕೂಸಿನ ಉಸಿರು ನೋಡುತ್ತಿರಬೇಕು.

ಗಲಿಹ್ ಇವತ್ತೂ ಫೋನಿನಲ್ಲಿ ರೆಕಾರ್ಡು ಹಾಡಿಸುವ ಟರ್ನ್‌ಟೇಬಲ್‌ಗಳ ಫೋಟೊ ನೋಡುತ್ತ ಕೂತಿದ್ದಾರೆ. ಮನೆಯಲ್ಲಿರುವುದು ಚೆನ್ನಾಗಿಯೇ ಇದೆ. ಬೇಡವಂತೆ. ಆಟೊಮ್ಯಾಟಿಕ್ಕೇ ಬೇಕಂತೆ.

ಮದುವೆಯಾದ ಹೊಸತರಲ್ಲಿ ಇದೇ ಗಂಡ ಹೇಳಿದ್ದು: "ಮುಳ್ಳನ್ನ ಕೈಯಲ್ಲೇ ಇಳಿಸ್ಬೇಕು ದಿಕ್, ಮಲಗಿರೋ ಮಗೂಗೆ ಹೊದಿಸಿದ ಹಾಗೆ. ಗುಂಡಿ ಒತ್ತೋರಿಗೆ ರೇಡಿಯೊ ಸಾಕು."

ಈಗ ಗುಂಡಿ ಬೇಕು. ಯಾಕೆ?

ಮೇ 7

"ಹಾಡು ಮುಗಿದ ಮೇಲೆ ಮುಳ್ಳಿನ ತೋಳು ತಾನೇ ವಾಪಸ್ ಬಂದ್ರೆ ಸಾಲದಾ, ಮಾಸ್? ಅಂಥದ್ದು ತಗೊಳ್ಳಿ" ಅಂದೆ.

"ಸಾಲದು. ಇಳಿಯೋದೂ ತಾನೇ ಇಳೀಬೇಕು."

ಆಮೇಲೆ ಅಡುಗೆಮನೆಗೆ ಹೋದರೆ ಅವರೂ ಅತ್ತೆಯೂ ಪಿಸುಗುಟ್ಟುತ್ತಿದ್ದರು. ನನ್ನ ಕಂಡ ಅತ್ತೆ, "ತೆಂಪೆ ಎಣ್ಣೇಲಿ ಹದವಾಗಿ ಬೆಂದಿದೆಯಾ ನೋಡು" ಅಂದರು. ಒಲೆಯ ಮೇಲೆ ಬಾಣಲೆಯೇ ಇರಲಿಲ್ಲ.

ಮೇ 10

ಇವರು ಲಾರಸ್‌ಳನ್ನು ಎತ್ತಿಕೊಳ್ಳುವುದೇ ಇಲ್ಲ. "ನೆಗಡಿ, ಅಂಟುತ್ತೆ." ಸೀನಿದ್ದನ್ನೇ ನಾನು ಕೇಳಿಲ್ಲ.

ಪಕ್ಕದ ಮನೆಯ ಬು ಮಾರ್ಸಿಹ್ ಹೋದ ವಾರ ತೊಟ್ಟಿಲು ಬಗ್ಗಿ ನೋಡಿ, "ಮೂಗಂತೂ ಅಪ್ಪಂದಲ್ಲ ಬಿಡು" ಅಂದು ನಕ್ಕಿದ್ದರು. ನಾನೂ ನಕ್ಕೆ. ಇವರು ನಗಲಿಲ್ಲ. ಅದೇ ತಲೆಯಲ್ಲಿ ಕೂತಿದೆಯಾ?

ಮೇ 11

ಮೂವತ್ತೈದನೇ ದಿನದ ಸೆಲಾಪನ್ ಶಾಸ್ತ್ರ ಆಗುವವರೆಗೆ ಕೂಸನ್ನು ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ನಾನೂ ನೋಡಲಿ ಅಂತ ಹಳೆ ಸಾಮಾನಿನ ಅಂಗಡಿಯ ಪಾಕ್ ದಾರ್ಮೊ ಅವರೇ ಎರಡು ಯಂತ್ರ ಮನೆಗೆ ತಂದರು.

"ಮೊದಲು ಕೈಯಲ್ಲಿ ಇಳಿಸೋದನ್ನ ಕೇಳು ಗಲಿಹ್. ಆಮೇಲೆ ಇನ್ನೊಂದರ ಮಾತೇ ಎತ್ತಲ್ಲ."

ಇವರು ಜೇಬಿನಿಂದ ಕೈ ತೆಗೆಯಲಿಲ್ಲ. "ನೀವೇ ಹಾಕಿ, ಪಾಕ್."

"ಅಪ್ಪ ಆಗ್ತಿದ್ದ ಹಾಗೇ ಸಾಹೇಬ ಆಗ್ಬಿಟ್ಯಲ್ಲೋ."

ಎರಡನೆಯದಕ್ಕೆ ಗುಂಡಿ. ತೋಳು ಎದ್ದು, ಯೋಚಿಸಿ, ಇಳಿಯಿತು. ಚಿಕ್ಕ ರೆಕಾರ್ಡಿಗೆ ಬೇರೆ ಅಳತೆ ಇಡಬೇಕು, ಇಲ್ಲದಿದ್ದರೆ ಮುಳ್ಳು ಬರಿ ತಟ್ಟೆಯ ಮೇಲೆ ಬೀಳುತ್ತದೆ. ಅದೇ ಆಯ್ಕೆಯಾಯಿತು. ಹೊಸ ಬೆಲ್ಟ್ ಹಾಕಿ ಕಳಿಸುತ್ತಾರೆ.

ಮೇ 15

ನಾಳೆ ಸೆಲಾಪನ್, ಮೊದಲ ಕೂದಲು ತೆಗೆಯುವ ಶಾಸ್ತ್ರ. ನಮ್ಮಲ್ಲಿ ಮೊದಲ ಕತ್ತರಿ ಅಪ್ಪನದು.

"ನಮ್ಮಣ್ಣ ಹಿಡೀಲಿ" ಅಂದರು ಇವರು.

ಕೇಳಿಯೇಬಿಟ್ಟೆ. "ಇವಳು ನಿಮ್ಮ ಮಗಳಲ್ಲ ಅನ್ಸುತ್ತಾ ನಿಮಗೆ?"

ಮುಖ ಬಿಳಿಚಿಕೊಂಡಿತು. "ಎಂಥ ಮಾತಾಡ್ತೀಯ." ಎದ್ದು ಹೋದರು. ಇಲ್ಲ ಅನ್ನಲಿಲ್ಲ...

ಮೇ 16

ಹಿರಿಯರೆಲ್ಲ ಸುತ್ತ ಕೂತಿದ್ದರು, ತಪ್ಪಿಸಿಕೊಳ್ಳಲಾಗಲಿಲ್ಲ. ಕತ್ತರಿ ಹಿಡಿದರು. ಅದರ ತುದಿ ಲಾರಸ್‌ಳ ನೆತ್ತಿಯ ಪಕ್ಕ ಅದುರಿತು. ನಿಲ್ಲಲೇ ಇಲ್ಲ. ಅತ್ತೆ ತಟ್ಟನೆ ಅವರ ಕೈಯ ಮೇಲೆ ತಮ್ಮ ಕೈ ಇಟ್ಟರು — ಮೊದಲೇ ಗೊತ್ತಿದ್ದವರ ಹಾಗೆ. ಒಂದೆಳೆ ಕೂದಲು ಹೂವಿನ ನೀರಿಗೆ ಬಿತ್ತು. ಎಲ್ಲರೂ ಆಮೀನ್ ಅಂದರು.

ಬಂದವರು ಹೋದ ಮೇಲೆ ಕೇಳಿದೆ. "ಕೈ ಯಾವಾಗಿಂದ ಹೀಗೆ?"

"ಅವಳು ಹುಟ್ಟೋಕೂ ಮುಂಚೆ. ಡಾಕ್ಟರು ಇನ್ನೂ ನೋಡ್ತಿದ್ದಾರೆ. ಎತ್ಕೊಂಡ್ರೆ ಎಲ್ಲಿ ಬೀಳಿಸ್ತೀನೋ ಅಂತ..."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಮೊದ್ಲೇ ನಿದ್ದೆ ಮಾಡಲ್ಲ, ದಿಕ್."

ಮೇ 17, ಸಂಜೆ

ಪ್ಲೇಯರ್ ಬಂತು. ಮಾವನ ಕಾಲದ ರೆಕಾರ್ಡು ಕವರಿನಿಂದ ತೆಗೆದೆ. ಮೊದಲ ಹಾಡಿನ ಅಂಚಿನಲ್ಲಿ ಗೀರುಗಳು, ಬೆಕ್ಕು ಪರಚಿದ ಹಾಗೆ. ನಡುಗುವ ಕೈಯಲ್ಲಿ ಮುಳ್ಳು ಇಳಿಸಲು ಎಷ್ಟು ದಿನ ಗುಟ್ಟಾಗಿ ಒಬ್ಬರೇ ಹೆಣಗಿದರೋ.

ಅವರು ಗುಂಡಿ ಒತ್ತಿದರು. ಮುಳ್ಳು ಒಂದು ಚೂರೂ ತಪ್ಪದೆ ಇಳಿಯಿತು. ಒತ್ತಿದ ಬೆರಳು ಮಾತ್ರ ಗಾಳಿಯಲ್ಲಿ ನಡುಗುತ್ತಲೇ ಇತ್ತು.

ನನ್ನ ಅನುಮಾನ ಹೋಗಬೇಕಿತ್ತು. ಹೋಗಿಲ್ಲ. ನಿನ್ನೆಯವರೆಗೆ ಅವರ ಮುಖ ನೋಡುತ್ತಿದ್ದೆ, ಈಗ ಕೈ ನೋಡುತ್ತೇನೆ.

ಲಾರಸ್ ಅಳುತ್ತಿದ್ದಾಳೆ. "ನಾನೇ ಎತ್ಕೋತೀನಿ, ನೀನು ಬರಿ" ಅಂದರು. ತೊಟ್ಟಿಲ ಮೇಲೆ ಬಗ್ಗಿದ್ದಾರೆ. ನಾನು ಏಳಬಾರದು. ಬರೆಯುತ್ತಲೇ ಇರಬೇಕು. ಕತ್ತಿನ ಕೆಳಗೆ ಒಂದು ಕೈ ಹೋಯಿತು. ಇನ್ನೊಂದು—