ಅಮ್ಮನ ಗಿಡದ ಬೇಸಿಗೆ ನಿದ್ದೆ

ಪೋರ್ಟ್ ನೋಲೋತ್, ಜನವರಿ ೧೪, ಬುಧವಾರ

ತೀರಿಹೋದ ಅಮ್ಮ ಬಿಟ್ಟುಹೋದದ್ದು ಈ ಒಂದೇ ಗಿಡ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ನಮ್ಮೂರಿನ ಜನವರಿ ಬೇಸಿಗೆಗೆ, ಬೆಣಚುಕಲ್ಲಿನಂಥ ಅದರ ದಪ್ಪ ಎಲೆಗಳು ಒಣಗಿ ಕಾಗದದಂತಾಗಿವೆ. ಇದೂ ಹೋಯಿತೆಂದು ಹೆದರಿ ಬೆಳಿಗ್ಗೆ ನೀರು ಹಾಕಹೊರಟಿದ್ದೆ. ದ್ರಿಕಾ ಚಿಕ್ಕಮ್ಮ ಬಾಗಿಲಿಂದಲೇ ಕೂಗಿದರು.

“ಅಯ್ಯೋ ಪುಸ್ತಕದ ಹುಳು! ಬೇಸಿಗೇಲಿ ಮಲಗಿರೋದಕ್ಕೆ ನೀರು ಹಾಕಿ ಕೊಳೆಸ್ತೀಯೇನೆ? ಒಲೆ ಪಕ್ಕದಿಂದ ಎತ್ತಿ ಹೊರಗಿಡು. ರಾತ್ರಿ ತಂಪು, ಸಮುದ್ರದ ಮಂಜು, ಅಷ್ಟೇ ಸಾಕದಕ್ಕೆ. ಚಳಿಗಾಲದ ಮಳೆಗೆ ತಾನೇ ಏಳುತ್ತೆ.”

“ಏಳದಿದ್ರೆ?”

“ಅಕ್ಕ ಪ್ರತಿ ವರ್ಷ ಕಾಯ್ತಿದ್ಲಲ್ಲ. ನಿನಗೇನು ಅವಸರ?”

ಈಗ ಗಿಡ ಜಗಲಿಯ ಮೇಲಿದೆ. ಮಂಜು ಬೀದಿಯನ್ನೆಲ್ಲ ಮರೆಸಿದೆ. ಒಣಪೊರೆಯನ್ನು ಮೆಲ್ಲಗೆ ಮುಟ್ಟಿದೆ. ಒಳಗೇನೋ ಗಟ್ಟಿಯಾಗಿತ್ತು, ನಿದ್ದೆಹೋದ ಮಗುವಿನ ಮುಷ್ಟಿಯಂತೆ. ಒಳಬಂದು, ಜೂನ್‌ನಿಂದ ಮುಚ್ಚಿದ್ದ ಅಮ್ಮನ ಕೋಣೆಯ ಕಿಟಕಿಯನ್ನೂ ತೆರೆದೆ. ಮಂಜು ಅವಳ ಹಾಸಿಗೆಯವರೆಗೂ ಬಂದು ನಿಂತಿತು.