ಸಂಜೆ ಹೊತ್ತು ನೋಡದ ಮನೆ

ಮಾರ್ಚ್ 2, ಭಾನುವಾರ

ಮನೆ ಕೊಡಿಸುವ ನಮ್ಮ ಆಫೀಸಿನಲ್ಲಿ ಹತ್ತು ಗಂಟೆಗೆ ಕ್ಲಾಸು. ಹನ್ನೊಂದು ಜನ. ಎಲ್ಲರೂ ಮೊದಲ ಸಲ ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವವರು. ಎಲ್ಲರ ಕೈಯಲ್ಲೂ ಹೊಸ ನೋಟ್‌ಬುಕ್ಕು. ಹದಿನಾಲ್ಕು ವರ್ಷದಿಂದ ಹೇಳುತ್ತಿರುವುದನ್ನೇ ಹೇಳಿದೆ. ಬಾಯಿ ತಾನೇ ಹೇಳಿಕೊಂಡು ಹೋಗುತ್ತದೆ, ನಾನು ಅಲ್ಲಿರಬೇಕೆಂದೇನೂ ಇಲ್ಲ. ಮನೆ ನಿಮಗೆ ಇಷ್ಟವಾಗಬೇಕಿಲ್ಲ, ಅಲ್ಲಿ ಬಾಳುವವರಿಗೆ ಆಗಬೇಕು. ಮುಂದೆ ಬರುವ ರಸ್ತೆ ನಂಬಬೇಡಿ, ಈಗ ಇರುವ ರಸ್ತೆ ನೋಡಿ. ಬಸ್‌ಸ್ಟಾಪಿಗೆ ಕಾರಿನಲ್ಲಿ ಹೋಗಬೇಡಿ, ನಡೆದು ನೋಡಿ. ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಆ ಗೋಡೆಯನ್ನೇ ತಟ್ಟಿ. ಮುಂಚೆ ಇದ್ದವರು ಯಾಕೆ ಬಿಟ್ಟರೆಂದು ಮಾಲೀಕರನ್ನು ಕೇಳಬೇಡಿ, ಕೆಳಗಿನ ಅಂಗಡಿಯವರನ್ನು ಕೇಳಿ.

ಕೊನೆಗೆ, ಮೂರು ಹೊತ್ತೂ ನೋಡಿ. ಬೆಳಿಗ್ಗೆ ನೀರು, ಮಧ್ಯಾಹ್ನ ಬಿಸಿಲು, ಸಂಜೆ ಜನ.

ಮುಂದಿನ ಸಾಲಿನ ಹೆಂಗಸು ಕೈ ಎತ್ತಿದಳು. "ಒಂದೇ ಸಲ ಸರಿಯಾಗಿ ನೋಡಿದ್ರೆ ಸಾಲ್ದಾ ಮೇಡಂ?"

"ಒಂದು ಜೊತೆ ಚಪ್ಪಲಿಗೆ ಎಷ್ಟು ಅಂಗಡಿ ಹತ್ತಿ ಇಳೀತೀರಿ?" ಅಂದೆ. ಎಲ್ಲರೂ ನಕ್ಕರು. ನಾನೂ ನಗಬೇಕಾದ ಜಾಗ ಅದು. ನಕ್ಕೆ.

ನಾನು ಮನೆ ನೋಡುವ ಸಂಜೆಯ ಭೇಟಿಗೆ ಹೋಗದೆ ಐದು ತಿಂಗಳಾಗುತ್ತಾ ಬಂತು. ಆಫೀಸಿನ ಕನ್ನಡಕದ ಹುಡುಗಿ ನನ್ನ ಬದಲು ಹೋಗುತ್ತಾಳೆ. ಯಾಕೆಂದು ಕೇಳಿಲ್ಲ. ಒಳ್ಳೆಯ ಹುಡುಗಿ.

ಮಾರ್ಚ್ 4, ಮಂಗಳವಾರ

ತಮ್ಮ ಆಫೀಸಿಗೇ ಬಂದ. ಮೂವತ್ತು ವರ್ಷ ಬಸ್ಸು ಓಡಿಸಿ, ಬೆನ್ನು ಕೈಕೊಟ್ಟ ಮೇಲೆ ಕೆಲಸ ಬಿಟ್ಟಿದ್ದಾನೆ. ಬಂದ ಇಡುಗಂಟಿನಲ್ಲಿ ಒಂದು ಸಣ್ಣ ಫ್ಲಾಟು ಕೊಂಡು ಬಾಡಿಗೆಗೆ ಬಿಡುವ ಯೋಚನೆ. ಆ ಬಾಡಿಗೆಯಲ್ಲೇ ಗಂಡ ಹೆಂಡತಿಯ ಜೀವನ ನಡೆಯಬೇಕು. ಬೇರೆ ದಾರಿ ಇಲ್ಲ.

"ನಂಗೆ ಏನೂ ಗೊತ್ತಾಗಲ್ಲಕ್ಕ. ನೀನು ಹೂಂ ಅಂದ್ರೆ ಹೂಂ."

ಯಜಮಾನರು — ಅಂದರೆ ಆಫೀಸಿನ ಯಜಮಾನರು — ತಕ್ಷಣ ಒಂದು ಫೈಲು ತೆಗೆದರು. ಎರಡು ರೂಮಿನದು, ನಾಲ್ಕನೇ ಮಹಡಿ. "ಆಸ್ಪತ್ರೆ ಎದುರಿಗೇ ಇದೆ. ನರ್ಸುಗಳು, ರೋಗಿ ಕಡೆಯವರು... ಖಾಲಿ ಬೀಳೋ ಮಾತೇ ಇಲ್ಲ."

ಯಾವ ಆಸ್ಪತ್ರೆ ಎಂದು ತಮ್ಮನಿಗೆ ಗೊತ್ತಾಯಿತು. ನನ್ನ ಮುಖ ನೋಡಿದ. ಜಾಗ ಒಳ್ಳೆಯದು, ಅಂದೆ. ನಿಜಕ್ಕೂ ಒಳ್ಳೆಯದು. ಕ್ಲಾಸಿನಲ್ಲಿ ನಾನೇ ಹೇಳುವ ಪಟ್ಟಿಯಲ್ಲಿ ಆಸ್ಪತ್ರೆಗೇ ಮೊದಲ ಸ್ಥಾನ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಏಳಕ್ಕೆ ಹೋದೆ. ನೀರು ಜೋರಾಗಿ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ಮತ್ತೆ. ಬಿಸಿಲು ಅಡುಗೆಮನೆಯಲ್ಲಿ ಮಾತ್ರ, ನಡುಮನೆ ತಂಪು. ಗೋಡೆ ತಟ್ಟಿದೆ. ಲಿಫ್ಟು ಸರಿ. ಕಾಗದಪತ್ರ ವಕೀಲರ ಬಳಿ, ತಕರಾರಿಲ್ಲ. ಬಾಲ್ಕನಿಗೆ ಹೋಗಲಿಲ್ಲ.

ಮಾರ್ಚ್ 8, ಶನಿವಾರ

ಕನ್ನಡಕದ ಹುಡುಗಿ ರಜೆ. ಜ್ವರ. ಸೋಮವಾರದೊಳಗೆ ಮನೆ ನೋಡಿದ ಶೀಟು ಕೊಡಿ, ಇನ್ನೊಬ್ಬ ಗಿರಾಕಿ ಇದ್ದಾನೆ ಅಂತ ಯಜಮಾನರು ಎರಡು ಸಲ ಹೇಳಿದರು. ಗಿರಾಕಿ ಇರುವುದಿಲ್ಲ. ಇನ್ನೊಬ್ಬ ಗಿರಾಕಿ ಯಾವಾಗಲೂ ಇರುತ್ತಾನೆ, ಯಾವತ್ತೂ ಇರುವುದಿಲ್ಲ.

ಐದೂವರೆಗೆ ಆ ರಸ್ತೆಯ ಮೂಲೆವರೆಗೆ ಹೋದೆ. ಆಸ್ಪತ್ರೆಯಲ್ಲಿ ರೋಗಿಗಳ ಭೇಟಿಯ ಸಮಯ ಐದರಿಂದ ಆರೂವರೆ. ಗೇಟಿನ ಮುಂದೆ ಜನ, ಕೈಯಲ್ಲಿ ಫ್ಲಾಸ್ಕು, ಹಣ್ಣಿನ ಕವರು. ಔಷಧಿ ಅಂಗಡಿಯ ಮುಂದೆ ನಿಂತೆ. ಕಾಲು ಮುಂದಕ್ಕೆ ಬರಲಿಲ್ಲ. ಅಳು ಬಂತೇ? ಇಲ್ಲ. ಏನೂ ಬರಲಿಲ್ಲ. ತಲೆನೋವಿನ ಮಾತ್ರೆ ಕೊಂಡು ವಾಪಸು ಬಂದೆ. ತಲೆನೋವೂ ಇರಲಿಲ್ಲ.

ಶೀಟಿನಲ್ಲಿ ಮೂರು ಕಾಲಂ. ಬೆಳಿಗ್ಗೆ, ಟಿಕ್. ಮಧ್ಯಾಹ್ನ, ಟಿಕ್. ಸಂಜೆ...

ಟಿಕ್ ಹಾಕಿದೆ. ಕೆಳಗೆ ಸಹಿ.

ಮಾರ್ಚ್ 10, ಸೋಮವಾರ

ತಮ್ಮ ಶೀಟನ್ನು ಎರಡೂ ಕೈಯಲ್ಲಿ ಹಿಡಿದು ಓದಿದ. "ನಮ್ಮ ಟ್ರಿಪ್ ಶೀಟ್ ಇದ್ದಂಗಿದೆ ಕಣಕ್ಕ." ನಾದಿನಿ, ಅವನ ಹೆಂಡತಿ, "ಅತ್ತಿಗೆ ನೋಡಿದಾರೆ ಅಂದ್ಮೇಲೆ ಮುಗೀತು ಬಿಡ್ರಿ, ಇನ್ನೇನು ಭೂತಗನ್ನಡಿ ಹಿಡ್ಕೊಂಡು ಕೂತಿದೀರಾ" ಎಂದು ರೇಗಿಸಿದಳು. ಅಡ್ವಾನ್ಸ್ ಕೊಟ್ಟರು. ರಿಜಿಸ್ಟ್ರೇಷನ್ ಇಪ್ಪತ್ತೇಳಕ್ಕೆ.

ಮಾರ್ಚ್ 22, ಶನಿವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಆಫೀಸು, ಮನೆ. ಹಾಸಿಗೆಯಲ್ಲಿ ನಮ್ಮವರು ಮಲಗುತ್ತಿದ್ದ ಕಡೆ ಇಸ್ತ್ರಿ ಬಟ್ಟೆ ಪೇರಿಸುತ್ತೇನೆ. ಜಾಗ ಭರ್ತಿ ಕಾಣುತ್ತದೆ.

ಇವತ್ತು ಒಬ್ಬ ನರ್ಸು ಮನೆ ಹುಡುಕಿಕೊಂಡು ಬಂದಳು. ತಮ್ಮನ ಮನೆಗೆ ಈಗಲೇ ಬಾಡಿಗೆಯವರು ಸಿಕ್ಕರೆ ಆಯಿತಲ್ಲ ಎಂದು ವಿಳಾಸ ಹೇಳಿದೆ. ಪೆನ್ನು ಕೆಳಗಿಟ್ಟಳು.

"ನಾಲ್ಕನೇ ಮಹಡಿನಾ? ಆಸ್ಪತ್ರೆ ಕಡೆ ಮುಖ ಇರೋದಾ? ಅಯ್ಯೋ ಬೇಡ ಮೇಡಂ. ಸಂಜೆ ಆದ್ರೆ ಅಲ್ಲಿ ಉಸಿರಾಡಕ್ಕಾಗಲ್ಲ."

"ಯಾಕೆ?"

"ನಮ್ಮ ಲಾಂಡ್ರಿ ಬಾಯ್ಲರ್ ಚಿಮಣಿ ಅದೇ ಎತ್ತರಕ್ಕಿದೆ. ದಿನಾ ಐದಕ್ಕೆ ಹಚ್ತಾರೆ. ನನ್ನ ಫ್ರೆಂಡ್ ಎರಡೇ ತಿಂಗಳಿಗೆ ಬಿಟ್ಟು ಓಡಿದ್ಲು. ನೀವು ಸಂಜೆ ಹೋಗಿ ನೋಡಿಲ್ವಾ?"

ಬೇರೆ ಮನೆ ತೋರಿಸಿದೆ.

ಮಾರ್ಚ್ 23, ಭಾನುವಾರ

ಕ್ಲಾಸು. ಒಂಬತ್ತು ಜನ. "ಮೂರು ಹೊತ್ತೂ ನೋಡಿ" ಎನ್ನುವಲ್ಲಿ ಬಾಯಿ ನಿಂತುಬಿಟ್ಟಿತು. ನೀರು ಕುಡಿದು ಕಾಗದಪತ್ರದ ವಿಷಯಕ್ಕೆ ಹಾರಿದೆ. ಯಾರಿಗೂ ಗೊತ್ತಾಗಲಿಲ್ಲ.

ಮಾರ್ಚ್ 24, ಸೋಮವಾರ

ಯಜಮಾನರಿಗೆ ಹೇಳಿದೆ. "ಒಂದಿಷ್ಟು ಹೊಗೆ ಮೇಡಂ. ಕಿಟಕಿ ಮುಚ್ಕೊಂಡ್ರಾಯ್ತು. ಈಗ ಹಿಂದೆ ಸರಿದ್ರೆ ಅಡ್ವಾನ್ಸ್ ವಾಪಸ್ ಬರಲ್ಲ, ಗೊತ್ತಲ್ಲ?" ಗೊತ್ತು. ಆ ಷರತ್ತು ಟೈಪ್ ಮಾಡಿದ್ದು ನಾನೇ.

ತಮ್ಮನಿಗೆ ಫೋನು ಹಚ್ಚಿದೆ. ನಾದಿನಿ ಎತ್ತಿದಳು. ರಿಜಿಸ್ಟ್ರೇಷನ್ನಿಗೆ ಯಾವ ಶರ್ಟು ಹಾಕಲಿ ಅಂತ ನಿಮ್ಮ ತಮ್ಮ ಬೆಳಿಗ್ಗೆಯಿಂದ ಬೀರು ಮುಂದೆ ನಿಂತಿದಾರೆ ಅತ್ತಿಗೆ, ಎಂದು ನಕ್ಕಳು. ನಾಳೆ ಮಾಡುತ್ತೇನೆ ಎಂದು ಇಟ್ಟೆ.

ಮೊದಲು ಕಣ್ಣಾರೆ ನೋಡಬೇಕು. ನರ್ಸಿನ ಮಾತು ಕೇಳಿ ಮನೆ ಬೇಡ ಎನ್ನುವುದೂ ನೋಡದೆ ಹಾಕಿದ ಟಿಕ್ಕೇ.

ಮಾರ್ಚ್ 25, ಮಂಗಳವಾರ, ಸಂಜೆ 5.50

ಫ್ಲಾಟಿನಲ್ಲಿದ್ದೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಹೇಗೆ ಬಂದೆ? ಗೇಟಿನ ಕಡೆ ನೋಡದೆ, ನೆಲ ನೋಡಿಕೊಂಡು. ಕೆಳಗಿನ ಟೈಲರ್ ಅಂಗಡಿಯಲ್ಲಿ ಕೇಳಿದೆ. "ಎರಡು ವರ್ಷದಲ್ಲಿ ಐದು ಜನ ಬಂದು ಹೋದ್ರು ತಾಯಿ," ಅಂದರು. ಅಷ್ಟು ಸುಲಭ. ಅವತ್ತೇ ಕೇಳಬಹುದಿತ್ತು.

ಬಾಲ್ಕನಿ ಬಾಗಿಲು ತೆಗೆದೆ. ಹೊಗೆ ನೇರ ಒಳಗೆ. ಸೋಪು, ಸುಟ್ಟ ಎಣ್ಣೆ, ಬಿಸಿ ಬಟ್ಟೆ, ಎಲ್ಲ ಸೇರಿದ ವಾಸನೆ. ಮುಚ್ಚಿದರೂ ಸಂದಿಯಿಂದ ಬರುತ್ತದೆ. ಕಣ್ಣು ಉರಿಯುತ್ತಿದೆ. ಇಲ್ಲಿ ಯಾರೂ ಇರುವುದಿಲ್ಲ. ತಮ್ಮ ಬರಿಗೈಯಾಗುತ್ತಾನೆ.

6.15

ಹೇಳಿದೆ. ತಮ್ಮನಿಗೆ ಫೋನು ಮಾಡಿ, ಮನೆ ಬೇಡ, ಅಂದೆ. ಹೊಗೆಯ ವಿಷಯ ಹೇಳಿದೆ.

"ಮತ್ತೆ ನೀನು ಸಂಜೆ ನೋಡ್ದೆ ಅಂತ ಬರೆದಿದ್ಯಲ್ಲ?"

"ನೋಡಿರಲಿಲ್ಲ. ಸುಮ್ನೆ ಟಿಕ್ ಹಾಕ್ದೆ."

ಆ ಕಡೆ ಟಿವಿ ಆರಿಸಿದ. ಆಮೇಲೆ —

"ಮೂವತ್ತು ವರ್ಷ ಕಣಕ್ಕ. ಬಸ್ಸು ಕೆಟ್ಟು ನಿಂತಿದೆ, ಜ್ವರ ಬಂದಿದೆ... ಒಂದೇ ಒಂದು ದಿನ ಓಡಿಸದಿರೋ ಟ್ರಿಪ್ ಬರೆದವನಲ್ಲ ನಾನು. ಬೇರೆ ಯಾರಾದ್ರೂ ಮಾಡಿದ್ರೆ ಕೊರಳಪಟ್ಟಿ ಹಿಡೀತಿದ್ದೆ. ನೀನು..."

ಫೋನು ಇಟ್ಟ. ಇಡಲಿ. ಬೈದದ್ದು ಕಮ್ಮಿಯಾಯಿತು.

ಎರಡು ನಿಮಿಷಕ್ಕೆ ಮತ್ತೆ ರಿಂಗಾಯಿತು. "ಎಲ್ಲಿದೀಯ?"

"ಫ್ಲಾಟಲ್ಲೇ."

"ಒಬ್ಬಳೇನಾ? ಅಲ್ಲೇ ಇರು. ಬಂದೆ."

7.40

ಮನೆಗೆ ಬಂದು ಬರೆಯುತ್ತಿದ್ದೇನೆ. ತಮ್ಮ ಹೊರಗಿನ ಕೋಣೆಯಲ್ಲಿದ್ದಾನೆ.

ಫ್ಲಾಟಿಗೆ ಬಂದವನೇ ಬಾಲ್ಕನಿ ಬಾಗಿಲು ತೆಗೆದ, ಕೆಮ್ಮಿದ, ಮುಚ್ಚಿದ. ಅಡ್ವಾನ್ಸ್ ನಾನು ತುಂಬಿಕೊಡುತ್ತೇನೆ ಅಂದೆ. "ಸುಮ್ನಿರು," ಅಂದ. "ಹೋದ್ರೆ ಅಷ್ಟೇ ಹೋಗುತ್ತೆ. ಗುರುವಾರ ಆಗಿದ್ರೆ ಪೂರ್ತಿ ಹೋಗ್ತಿತ್ತು." ಬೆನ್ನು ಹಿಡಿದುಕೊಂಡು ನೆಲದ ಮೇಲೆ ಕೂತ. ನಾನೂ ಕೂತೆ.

"ಭಾವ ಇದ್ದ ಆಸ್ಪತ್ರೆ ಅಂತ ತಾನೇ? ಒಂದು ಮಾತು ಹೇಳಬಾರದಿತ್ತಾ? ನಾನೇ ಬಂದು ನೋಡ್ತಿದ್ದೆ."

"ಬರೀ ಅದಲ್ಲ ಕಣೋ."

ಹೇಳಿದೆ. ಅಕ್ಟೋಬರ್ ಹದಿನೇಳು. ಸಂಜೆ ಬೇಗ ಬಾ ಎಂದು ಬೆಳಿಗ್ಗೆ ಅವರೇ ಹೇಳಿದ್ದರು. ಯಾರದೋ ಒಂದು ಮನೆಯ ಸಂಜೆಯ ಭೇಟಿ ಬಾಕಿ ಇತ್ತು. ಯಾರದೆಂದು ಈಗ ನೆನಪೂ ಇಲ್ಲ. ಮೂರು ಹೊತ್ತು ಅಂದರೆ ಮೂರು ಹೊತ್ತು, ನಾನೇ ಮಾಡಿದ ನಿಯಮ. ಪಾರ್ಕಿಂಗಿನಲ್ಲಿ ಎಷ್ಟು ಬೈಕು ನಿಲ್ಲುತ್ತವೆ ಎಂದು ಎಣಿಸುತ್ತಾ ನಿಂತಿದ್ದೆ. ವಾರ್ಡಿಗೆ ಹೋದಾಗ ಆರೂ ಹತ್ತು. ಆರಕ್ಕೆ ಹೋಗಿಬಿಟ್ಟಿದ್ದರು. ಪಕ್ಕದಲ್ಲಿ ನರ್ಸು ಬಿಟ್ಟರೆ ಯಾರೂ ಇರಲಿಲ್ಲ.

ಎಲ್ಲರಿಗೂ ಕೈ ಹಿಡಿದುಕೊಂಡು ಕೂತಿದ್ದೆ ಎಂದಿದ್ದೇನೆ. ತಮ್ಮನಿಗೂ ಹಾಗೇ ಹೇಳಿದ್ದೆ. ಈ ಪುಸ್ತಕದಲ್ಲೂ ಆ ದಿನದ ಪುಟದಲ್ಲಿ ಹಾಗೇ ಬರೆದಿದ್ದೇನೆ, ಯಾರೂ ಓದದ ಪುಸ್ತಕದಲ್ಲಿ.

ತಮ್ಮ ಬೈಯಲಿಲ್ಲ. ಮೆಲ್ಲಗೆ ಕೇಳಿದ.

"ಭಾವ ಕೊನೆಗೆ ಏನಾದ್ರೂ ಅಂದ್ರಂತಾ?"

ನರ್ಸು ನನಗೆ ಹೇಳಿದ್ದಳು. ಐದು ತಿಂಗಳು ಅದನ್ನು ಬಾಯಿಗೆ ತಂದಿರಲಿಲ್ಲ. ತಮ್ಮನಿಗೆ ಹೇಳಿದೆ. ಹೇಳುವಾಗ ಅಳು ಬಂತು, ನಿಲ್ಲಲೇ ಇಲ್ಲ. ಅವನು ಬೆನ್ನು ಸವರುತ್ತಾ ಕೂತಿದ್ದ. ಈಗ ಇಲ್ಲೂ ಬರೆದಿಡುತ್ತೇನೆ, ಇದ್ದದ್ದು ಇದ್ದ ಹಾಗೆ. ಐದೂವರೆಯಿಂದ ಬಾಗಿಲ ಕಡೆಯೇ ನೋಡುತ್ತಿದ್ದರಂತೆ. ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರಂತೆ. ಅವರು ಕೇಳುತ್ತಿದ್ದದ್ದು — "ಅವಳು ಬಂದ್ಲಾ?"